ಅಭ್ಯಾಸ ಪಲ್ಲಟ ಚಿಕಿತ್ಸೆ

ಉಗುರು ಕಚ್ಚುವುದು, ಬೆರಳು ಚೀಪುವುದು, ಕೂದಲು ಕೀಳುವುದು, ಕಣ್ಣು ಕತ್ತುಗಳು ತಾವಾಗಿ ಸೆಳೆಯುವ ‘ಟಿಕ್’ ಮುಂತಾದವನ್ನು ಹತೋಟಿಗೆ ತರಲು ಬಳಸುವ ವರ್ತನಾ ಚಿಕಿತ್ಸೆ. ಅಮೆರಿಕದ ಮನೋವಿಜ್ಞಾನಿಗಳಾದ ನೇಥನ್ ಅಜ್ರಿನ್ ಮತ್ತು ಗ್ರೆಗೊರಿ ನನ್ 1973ರಲ್ಲಿ ಇದನ್ನು ಪ್ರಕಟಿಸಿದರು. ಹ್ಯಾಬಿಟ್ ರಿವರ್ಸಲ್ ಟ್ರೈನಿಂಗ್ ಎಂಬುದು ಇದರ ಇಂಗ್ಲಿಷ್ ಹೆಸರು.

ಚಿಕಿತ್ಸೆ ಶುರುವಾಗುವುದು ಗಮನಿಸುವುದರಿಂದ. ಉಗುರು ಕಚ್ಚುವವರಿಗೆ ಎಷ್ಟೋ ಸಲ ಕಚ್ಚಿದ ಮೇಲೆಯೇ ಅದರ ಅರಿವಾಗುತ್ತದೆ. ಹಾಗಾಗಿ ಕೈ ಬಾಯಿಗೆ ಹೋಗುವುದು ಓದುವಾಗಲೋ, ಟಿ.ವಿ. ಮುಂದೆಯೋ, ಯಾರಿಗೋ ಕಾಯುವಾಗಲೋ ಎಂದು ಬರೆದಿಡಬೇಕು. ಉಗುರಿನ ಒರಟು ಅಂಚನ್ನು ಇನ್ನೊಂದು ಬೆರಳು ತಡವುವಂಥ ಮುನ್ಸೂಚನೆಯನ್ನೂ ಗುರುತಿಸಬೇಕು. ಅದು ಕಂಡೊಡನೆ ಮುಷ್ಟಿ ಬಿಗಿದು, ಇಲ್ಲವೇ ಪೆನ್ನನ್ನೋ ಕುರ್ಚಿಯ ತೋಳನ್ನೋ ಗಟ್ಟಿಯಾಗಿ ಹಿಡಿದು, ಒಂದರಿಂದ ಮೂರು ನಿಮಿಷ ಹಾಗೇ ಇರಬೇಕು. ಇದೇ ಪ್ರತಿಚಲನೆ. ಮುಷ್ಟಿ ಕಟ್ಟಿದ ಕೈಯ ಉಗುರನ್ನು ಕಚ್ಚಲಾಗದು. ಪ್ರತಿಚಲನೆ ಪಕ್ಕದವರ ಕಣ್ಣಿಗೆ ಬೀಳದಂತಿರುವುದೂ ಮುಖ್ಯ. ಬಸ್ಸಿನಲ್ಲೋ ತರಗತಿಯಲ್ಲೋ ಮಾಡಲು ನಾಚಿಕೆಯಾದರೆ ಯಾರೂ ಬಹುಕಾಲ ಮುಂದುವರಿಸಲಾರರು. ಮನೆಯವರು ಮೆಲ್ಲಗೆ ನೆನಪಿಸಬಹುದು, ಮೆಚ್ಚಬಹುದು, ಗದರುವಂತಿಲ್ಲ.

ಬೆರಳಿಗೆ ಬೇವಿನೆಣ್ಣೆ ಸವರುವ ಮನೆಮದ್ದಿನಲ್ಲಿ ಈ ಬದಲಿ ಕೆಲಸವೇ ಇಲ್ಲ. ಕಹಿ ಆರಿದ ಮೇಲೆ ಬೆರಳು ಮತ್ತೆ ಬಾಯಿಗೇ ಹೋದರೆ ಅಚ್ಚರಿಯೇನಿಲ್ಲ. ಹೊಸ ಕಲಿಕೆಯಿಂದ ಹಳೆಯದು ಹಿಂದೆ ಸರಿಯುತ್ತದೆಯೇ ಹೊರತು ಪೂರ್ತಿ ಅಳಿಯುವುದಿಲ್ಲ ಎಂದು ಮನೋವಿಜ್ಞಾನಿ ಮಾರ್ಕ್ ಬೌಟನ್ ಮೊದಲಾದವರ ಪ್ರಯೋಗಗಳು ತೋರಿಸಿವೆ. ಜಾಗವೋ ಸನ್ನಿವೇಶವೋ ಬದಲಾದಾಗ ಅದು ಮರಳುವುದುಂಟು.

ಟಿಕ್ ಇರುವ 9ರಿಂದ 17 ವಯಸ್ಸಿನ 126 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹತ್ತು ವಾರಗಳಲ್ಲಿ, ಅಭ್ಯಾಸ ಪಲ್ಲಟವನ್ನು ಆಧರಿಸಿದ ಚಿಕಿತ್ಸೆ ಪಡೆದವರಲ್ಲಿ ಶೇ. 52.5ರಷ್ಟು ಮಕ್ಕಳು ಗಣನೀಯವಾಗಿ ಸುಧಾರಿಸಿದರು. ಬರೀ ತಿಳಿವಳಿಕೆ, ಸಾಂತ್ವನ ಪಡೆದವರಲ್ಲಿ ಈ ಪ್ರಮಾಣ ಶೇ. 18.5.

ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಬದಲಾಗುತ್ತದೆಂಬ ಜನಪ್ರಿಯ ಲೆಕ್ಕದ ಮೂಲ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಪುಸ್ತಕ. ಅದು ಪ್ರಯೋಗದ ಫಲಿತಾಂಶವಲ್ಲ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ಅಳೆದಾಗ ಅವಧಿ 18ರಿಂದ 254 ದಿನಗಳವರೆಗೆ ಹರಡಿತ್ತು, ಮಧ್ಯಾಂಕ 66 ದಿನ. ಅವರು ಅಳೆದದ್ದು ಹೊಸ ಅಭ್ಯಾಸ ಕೂಡಿಬರುವ ಕಾಲವನ್ನು, ಹಳೆಯದು ಬಿಟ್ಟುಹೋಗುವ ಕಾಲವನ್ನಲ್ಲ ಎಂಬುದನ್ನು ಉಲ್ಲೇಖಿಸುವವರು ಮರೆಯುತ್ತಾರೆ.

ಮದ್ಯ, ತಂಬಾಕುಗಳ ವ್ಯಸನ ಈ ಚಿಕಿತ್ಸೆಯೊಂದಕ್ಕೇ ಬಗ್ಗುವಂಥದ್ದಲ್ಲ. ಬಹುಕಾಲ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬಂದು ಪ್ರಾಣಕ್ಕೇ ಅಪಾಯವಾಗಬಹುದಾದ್ದರಿಂದ ಅವರು ವೈದ್ಯರ ನಿಗಾದಲ್ಲೇ ಬಿಡಬೇಕು.