ಅಟ್ಟದ ಮೇಲಿನ ಗಾಜಿನ ಕಣ್ಣು

ರಾಜಾಜಿನಗರದ ಹಳೆಯ ಮನೆಯೊಂದರ ಅಟ್ಟದಲ್ಲಿ, ಅಜ್ಜನ ಟ್ರಂಕಿನೊಳಗೆ, ಚರ್ಮದ ಚೀಲದಲ್ಲೊಂದು ಕ್ಯಾಮೆರಾ ಸಿಕ್ಕಿತೆನ್ನಿ. ಗುಜರಿಗೆ ಹಾಕುವ ಮುನ್ನ ಅದರ ಮಸೂರವನ್ನೊಮ್ಮೆ ನೋಡುವುದು ಒಳ್ಳೆಯದು. ಅದು ರೇಂಜ್‌ಫೈಂಡರ್ ಕ್ಯಾಮೆರಾದ್ದಾದರೆ ಇಂದಿಗೂ ಕೆಲಸಕ್ಕೆ ಬಂದೀತು.

ರೇಂಜ್‌ಫೈಂಡರ್ ಎಂದರೆ ದೂರಮಾಪಕ. ಇದರ ಕಿಂಡಿಯಲ್ಲಿ ಒಂದೇ ವಸ್ತು ಎರಡಾಗಿ ಕಾಣುತ್ತದೆ. ಮಸೂರದ ಬಳೆ ತಿರುಗಿಸಿ ಎರಡನ್ನೂ ಒಂದಾಗಿಸಿದರೆ ಫೋಕಸ್ ಸರಿಯಾದಂತೆ. ಆಮೇಲೆ ಬಳಕೆಗೆ ಬಂದ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿರುವಂತೆ ಮಸೂರದ ಹಿಂದೆ ಕನ್ನಡಿ ಇಲ್ಲದ್ದರಿಂದ ಮಸೂರ ಫಿಲ್ಮಿನ ಸಮೀಪವೇ ಕೂರುತ್ತಿತ್ತು. ಚಿಕ್ಕದಾದರೂ ಚೊಕ್ಕ ಚಿತ್ರ ಕೊಡುವ ಮಸೂರಗಳು ಇದರಿಂದ ಸಾಧ್ಯವಾದವು.

ಆಸ್ಕರ್ ಬರ್ನಾಕ್ ರೂಪಿಸಿದ ಜರ್ಮನಿಯ ಲೈಕಾ ಮಾರುಕಟ್ಟೆಗೆ ಬಂದದ್ದು 1925ರಲ್ಲಿ. 1932ರಲ್ಲಿ ಅದಕ್ಕೆ ದೂರಮಾಪಕ ಜೋಡಣೆಯಾಯಿತು. ಅದೇ ವರ್ಷ ಝೈಸ್ ಕಂಪನಿಯ ಕಾಂಟ್ಯಾಕ್ಸ್ ಪೈಪೋಟಿಗಿಳಿಯಿತು. ಗಾಜಿಗೆ ಗಾಳಿ ತಾಗುವ ಪ್ರತಿ ಮೈಯಲ್ಲೂ ನೂರಕ್ಕೆ ನಾಲ್ಕೈದು ಪಾಲು ಬೆಳಕು ಹಿಂದಿರುಗಿ, ಚಿತ್ರ ಮಂಕಾಗುವುದು ಅಂದಿನ ದೊಡ್ಡ ತೊಡಕು. ಝೈಸ್‌ನ ಲುಡ್ವಿಗ್ ಬರ್ಟೆಲೆ ತಮ್ಮ ಸೊನ್ನಾರ್ ಮಸೂರದಲ್ಲಿ 6 ಗಾಜುಗಳನ್ನು 3 ಗುಂಪಾಗಿ ಅಂಟಿಸಿ, ಅಂತಹ ಮೈಗಳನ್ನು ಆರಕ್ಕೆ ಇಳಿಸಿದರು. 1935ರಲ್ಲಿ ಅದೇ ಕಂಪನಿಯ ಅಲೆಕ್ಸಾಂಡರ್ ಸ್ಮಕುಲಾ ಕಂಡುಹಿಡಿದ ತೆಳುಲೇಪ ಈ ನಷ್ಟವನ್ನು ಮತ್ತಷ್ಟು ತಗ್ಗಿಸಿತು. ಎರಡನೆಯ ಮಹಾಯುದ್ಧದ ನಂತರ ಸೊನ್ನಾರ್ ವಿನ್ಯಾಸವೇ ಸೋವಿಯತ್ ದೇಶದಲ್ಲಿ ಜುಪಿಟರ್ ಎಂಬ ಹೆಸರಿನಲ್ಲಿ ತಯಾರಾಯಿತು. 1950ರ ಕೊರಿಯಾ ಯುದ್ಧದಲ್ಲಿ ಜಪಾನಿನ ನಿಕ್ಕೋರ್ ಮಸೂರ ಬಳಸಿದ ಅಮೆರಿಕದ ಪತ್ರಿಕಾ ಛಾಯಾಗ್ರಾಹಕರು ಅದನ್ನು ಮೆಚ್ಚಿಕೊಂಡರು.

ಮಂದ ಬೆಳಕಿನಲ್ಲೂ ಫ್ಲ್ಯಾಷ್ ಇಲ್ಲದೆ ಕೆಲಸ ಮಾಡುವುದು ಇಂತಹ ಕ್ಯಾಮೆರಾಗಳ ದೊಡ್ಡ ಗುಣ. 1948ರ ಜನವರಿ 30ರಂದು ದೆಹಲಿಯ ಬಿರ್ಲಾ ಭವನದ ಗೇಟಿನ ಬಳಿ ನೆಹರೂ ಗಾಂಧೀಜಿಯ ಸಾವಿನ ಸುದ್ದಿ ತಿಳಿಸುತ್ತಿರುವ ಚಿತ್ರವನ್ನು ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸ್ಸೊನ್ ತೆಗೆದದ್ದು ದೀಪದ ಬೆಳಕಿನಲ್ಲೇ. ಚಿತ್ರ ಅಲುಗಿದಂತಿದೆ, ಆದರೆ ಆ ಗಳಿಗೆಯ ತಲ್ಲಣ ಹಾಗೇ ಉಳಿದಿದೆ.

ಹಾಗೆಂದು ಹಳೆಯದೆಲ್ಲ ಒಳ್ಳೆಯದಲ್ಲ. ಅಂಚುಗಳಲ್ಲಿ ಮಸುಕು, ಬಿಸಿಲಿಗೆ ಎದುರಾದರೆ ಮಬ್ಬು, ಇವು ಆ ಕಾಲದ ಮಸೂರಗಳ ಸಹಜ ದೋಷಗಳು. ಮುಖಚಿತ್ರಕ್ಕೆ ಆ ಮೃದುತ್ವವೇ ಬೇಕೆನ್ನುವವರೂ ಇದ್ದಾರೆ. ಹೆಚ್ಚಿನ ಅಪಾಯ ಮಳೆಗಾಲದ ತೇವದ್ದು. ಮುಚ್ಚಿದ ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇದ್ದರೆ ಗಾಜಿನ ಮೇಲೆ ಬೂಷ್ಟು ಬೆಳೆದು, ಲೇಪವನ್ನು ತಿಂದುಹಾಕುತ್ತದೆ. ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಜೇಡರ ಬಲೆಯಂತಹ ಎಳೆಗಳು ಕಾಣುತ್ತವೆ. ಅವು ಇಲ್ಲದಿದ್ದರೆ, ಗೀರುಗಳೂ ಹೆಚ್ಚಿರದಿದ್ದರೆ, ಆ ಮಸೂರವನ್ನು ತಕ್ಕ ಅಡಾಪ್ಟರ್ ಹಾಕಿ ಕನ್ನಡಿಯಿಲ್ಲದ ಇಂದಿನ ಡಿಜಿಟಲ್ ಕ್ಯಾಮೆರಾಕ್ಕೆ ಜೋಡಿಸಬಹುದು. ಅಜ್ಜ ಮಗನನ್ನು ನೋಡಿದ ಗಾಜಿನಲ್ಲೇ ಮೊಮ್ಮಗಳು ತನ್ನ ಮಗುವನ್ನೂ ನೋಡಬಹುದು.