ಊರು ಬಿಟ್ಟವರು ನಾವೋ, ರಾಜ್ಯವೇ ನಮ್ಮನ್ನು ಬಿಟ್ಟಿತೋ?



"ನೀವು ಕರ್ನಾಟಕ ಬಿಟ್ಟು ಎಷ್ಟು ವರ್ಷವಾಯಿತು?" ಮದುವೆ ಮನೆಯಲ್ಲೋ, ರೈಲಿನಲ್ಲೋ, ಸಂಘದ ಕಾರ್ಯಕ್ರಮದಲ್ಲೋ ಯಾರಾದರೂ ನಿಮ್ಮನ್ನು ಹೀಗೆ ಕೇಳಿಯೇ ಇರುತ್ತಾರೆ. ಹೆಚ್ಚು ಯೋಚಿಸದೆ ಮೂವತ್ತು, ಐವತ್ತು ಎಂದು ಒಂದು ಲೆಕ್ಕ ಹೇಳಿ ಮುಗಿಸುತ್ತೇವೆ. ಆದರೆ ನಿಮ್ಮ ಅಜ್ಜನೋ ಮುತ್ತಜ್ಜನೋ 1956ಕ್ಕಿಂತ ಮೊದಲು ಊರಿನಿಂದ ಹೊರಟವರಾಗಿದ್ದರೆ ಉತ್ತರ ಅಷ್ಟು ಸುಲಭವಲ್ಲ. ಅವರು ಟ್ರಂಕು ಹೊತ್ತು ಹೊರಟಾಗ, ಬಿಟ್ಟು ಹೋಗುವುದಕ್ಕೆ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ!

ಆ ಕಾಲದ ನಕ್ಷೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ನಡುವೆ ಮಹಾರಾಜರ ಮೈಸೂರು ಸಂಸ್ಥಾನ. ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿ. ಉತ್ತರ ಕನ್ನಡ ಮೊದಲು ಮದ್ರಾಸಿಗೆ ಸೇರಿತ್ತು, 1862ರಲ್ಲಿ ಅದನ್ನೂ ಮುಂಬಯಿಗೆ ಸೇರಿಸಿದರು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿ ಉಳಿದವು. ಗುಲ್ಬರ್ಗಾ, ರಾಯಚೂರು, ಬೀದರ್ ನಿಜಾಮರ ಹೈದರಾಬಾದಿನಲ್ಲಿ. ಕೊಡಗು ಬೇರೆಯೇ. ಇವಲ್ಲದೆ ಜಮಖಂಡಿ, ಮುಧೋಳ, ಸೊಂಡೂರಿನಂಥ ಚಿಕ್ಕ ಸಂಸ್ಥಾನಗಳು ಬೇರೆ.

ಈಗ ಯೋಚಿಸಿ. 1920ರಲ್ಲಿ ಧಾರವಾಡದ ಹುಡುಗನೊಬ್ಬ ಕೆಲಸ ಹುಡುಕಿಕೊಂಡು ಮುಂಬಯಿಗೆ ಹೋದರೆ ಅವನು ಹೊರರಾಜ್ಯಕ್ಕೆ ಹೋದನೇ? ಇಲ್ಲ. ತನ್ನದೇ ರಾಜಧಾನಿಗೆ ಹೋದ. ಅವನ ಊರಿನ ಕೋರ್ಟಿನ ಮೇಲ್ಮನವಿ ಹೋಗುತ್ತಿದ್ದುದು ಮುಂಬಯಿ ಹೈಕೋರ್ಟಿಗೆ. ಅವನ ಊರಿನ ಪದವೀಧರರಿಗೆ ಪದವಿ ಕೊಡುತ್ತಿದ್ದುದು ಮುಂಬಯಿ ವಿಶ್ವವಿದ್ಯಾಲಯ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದೇ 1917ರಲ್ಲಿ. ಅದಕ್ಕೂ ಮೊದಲು ಬಿ.ಎ. ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಆಲೂರು ವೆಂಕಟರಾಯರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ದ. ರಾ. ಬೇಂದ್ರೆಯವರು ಓದಿದ್ದೂ ಅಲ್ಲೇ. ಇನ್ನೊಂದು ವಿಷಯ ಕೇಳಿದರೆ ನಿಮಗೆ ಅಚ್ಚರಿಯಾದೀತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲಿ! ಮರುವರ್ಷವಷ್ಟೇ ಅದು ಧಾರವಾಡಕ್ಕೆ ಬಂದದ್ದು.

ಹೈದರಾಬಾದಿನ ಕೇಳುಗರೇ, ನಿಮ್ಮಲ್ಲಿ ಅನೇಕರ ಮನೆತನದ ಕಥೆಯೂ ಇದೇ. ಗುಲ್ಬರ್ಗಾ, ಬೀದರ್, ರಾಯಚೂರಿನವರಿಗೆ ಹೈದರಾಬಾದೇ ರಾಜಧಾನಿ. ಸರಕಾರಿ ನೌಕರಿ ಬೇಕೆಂದರೆ ಉರ್ದು ಕಲಿಯಬೇಕು, ದೊಡ್ಡ ಓದು ಬೇಕೆಂದರೆ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಅಲ್ಲಿಯೂ ಬೋಧನೆ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು. ಕಾಚಿಗುಡದ ಸುತ್ತಮುತ್ತ ಕನ್ನಡ ಮಾತು ಕೇಳಿಬರುವುದಕ್ಕೆ ಕಾರಣ ಈ ಹಳೆಯ ನಂಟು.

ಚೆನ್ನೈಯದೂ ಹಾಗೆಯೇ. ಮಂಗಳೂರು ಸೀಮೆಯವರಿಗೆ ಮದ್ರಾಸು ತಮ್ಮ ಪ್ರಾಂತ್ಯದ ತಲೆಪಟ್ಟಣ. 1907ರಲ್ಲಿ ಮಂಗಳೂರಿಗೆ ರೈಲು ಬಂದದ್ದು ಆ ಕಡೆಯಿಂದಲೇ. ಗೋವಿಂದ ಪೈಗಳು ಓದಲು ಹೋದದ್ದು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿಗೆ. ಕಡಂದಲೆಯ ಕೆ. ಕೃಷ್ಣರಾಯರು 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ತೆರೆದಾಗ, ಅವರೂ ತಮ್ಮದೇ ಪ್ರಾಂತ್ಯದ ರಾಜಧಾನಿಯಲ್ಲಿ ಅಂಗಡಿ ಇಟ್ಟವರು.

ಹಾಗಾದರೆ ನಿಜವಾಗಿ ಗಡಿ ದಾಟಿ ಹೋದವರು ಯಾರು? ದಕ್ಷಿಣ ಕನ್ನಡದಿಂದ ಮುಂಬಯಿಗೆ ಹೋದವರು. ಮೈಸೂರು ಸಂಸ್ಥಾನದಿಂದ ಹೋದವರು. ಅವರ ಪ್ರಾಂತ್ಯವೇ ಬೇರೆ, ಹೋದ ಪ್ರಾಂತ್ಯವೇ ಬೇರೆ. ಕರಾವಳಿಯಲ್ಲಿ ಬೇಸಾಯದ ನೆಲ ಕಡಿಮೆ, ಅದರಲ್ಲೂ ಬಹುಪಾಲು ಗೇಣಿ ನೆಲ. ಬೆಳೆದದ್ದರಲ್ಲಿ ಗೇಣಿ ಅಳೆದು ಕೊಟ್ಟ ಮೇಲೆ ದೊಡ್ಡ ಕುಟುಂಬಕ್ಕೆ ಉಳಿಯುವುದು ಎಷ್ಟು? 1923ರ ದೊಡ್ಡ ನೆರೆ ನೇತ್ರಾವತಿ ತೀರದ ಊರುಗಳನ್ನು ಮುಳುಗಿಸಿತು. ಮನೆಯಲ್ಲಿ ಒಂದು ಬಾಯಿ ಕಡಿಮೆಯಾದರೂ ಸಾಕು ಎನ್ನುವ ಸ್ಥಿತಿ. ರೈಲು ಇಲ್ಲದ ಆ ದಿಕ್ಕಿಗೆ ಹಡಗೇ ದಾರಿ. ಮಳೆಗಾಲದಲ್ಲಿ ಅದೂ ಇಲ್ಲ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ ಎಂಬುದನ್ನು ನೆನಪಿಡಿ.

ದುಬಾರಿ ಮುಂಬಯಿಯಲ್ಲಿ ಹನ್ನೆರಡು ಹದಿಮೂರರ ಹುಡುಗ ಬದುಕಿದ್ದು ಹೇಗೆ? ಇದರ ಉತ್ತರ ಹೋಟೆಲಿನಲ್ಲಿದೆ. ಹೋಟೆಲಿನ ಸಂಬಳ ಚಿಕ್ಕದು, ನಿಜ. ಆದರೆ ಊಟ ತಿಂಡಿ ಅಲ್ಲೇ, ರಾತ್ರಿ ಬೆಂಚು ಜೋಡಿಸಿ ಮಲಗುವುದೂ ಅಲ್ಲೇ. ಖೋಲಿ ಬಾಡಿಗೆ ಇಲ್ಲ, ಒಲೆ ಹಚ್ಚುವ ಖರ್ಚಿಲ್ಲ. ಸಂಬಳದ ಬಹುಪಾಲು ಮನಿಯಾರ್ಡರಾಗಿ ಊರಿಗೆ ಹೋಗುತ್ತಿತ್ತು. ಟೇಬಲ್ ಒರೆಸುವುದರಿಂದ ಶುರು, ಮುಂದೆ ಸಪ್ಲಾಯರ್, ಕೈಲೆಕ್ಕ ಚೆನ್ನಾಗಿದ್ದರೆ ಗಲ್ಲಾ. ಅದೃಷ್ಟವಿದ್ದವನಿಗೆ ಕೊನೆಗೆ ಸ್ವಂತ ಹೋಟೆಲು. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಊಟದ ಮನೆಗಳು ಬೆಳೆದದ್ದು ಈ ಶ್ರಮದ ಮೇಲೆ. ಹಗಲು ದುಡಿದ ಹುಡುಗರು ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದರು, ಬ್ಯಾಂಕು ಕಚೇರಿಗಳಿಗೆ ಸೇರಿದರು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಋಣ ಎಷ್ಟು ಮನೆಗಳ ಮೇಲಿದೆ ಎಂಬುದು ನಿಮಗೇ ಗೊತ್ತು. ಗೆದ್ದವರ ಹೆಸರು ಬೋರ್ಡಿನ ಮೇಲೆ ಉಳಿಯಿತು. ಬೆಂಚಿನ ಮೇಲೆ ಮಲಗಿ ಕಾಯಿಲೆ ಬಿದ್ದು ಬರಿಗೈಲಿ ಊರಿಗೆ ಮರಳಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಇವರೆಲ್ಲ ಕಟ್ಟಿದ ಸಂಸ್ಥೆಗಳ ಹೆಸರುಗಳನ್ನು ಗಮನಿಸಿ, ಅವುಗಳಲ್ಲೇ ಚರಿತ್ರೆ ಇದೆ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘ, 1932ರ ಬಿಲ್ಲವರ ಅಸೋಸಿಯೇಷನ್ ಸಮುದಾಯದ ಹೆಸರು ಹೊತ್ತವು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಸಂಸ್ಥಾನದ ಹೆಸರು ಹೊತ್ತಿತು. 1933ರಲ್ಲಿ ಹುಟ್ಟಿದ್ದು ಕರ್ನಾಟಕ ಸಂಘ. ನಕ್ಷೆಯಲ್ಲಿ ಇಲ್ಲದ ನಾಡಿನ ಹೆಸರು ಅದು! ಕನ್ನಡನಾಡು ಒಂದಾದ ಮೇಲೂ ಅದರ ಹೆಸರು ಮೈಸೂರು ರಾಜ್ಯ ಎಂದೇ ಇತ್ತು. ಕರ್ನಾಟಕ ಎಂದಾದದ್ದು 1973ರ ನವೆಂಬರ್ 1ರಂದು. ಅಂದರೆ ಮುಂಬಯಿಯ ಕನ್ನಡಿಗರು ಸರಕಾರಕ್ಕಿಂತ 40 ವರ್ಷ ಮೊದಲೇ ಆ ಹೆಸರನ್ನು ತಮ್ಮ ಬಾಗಿಲಿಗೆ ಹಾಕಿಕೊಂಡಿದ್ದರು.

ಈಗ 1956ರ ನವೆಂಬರ್ 1ಕ್ಕೆ ಬನ್ನಿ. ಆಲೂರರಂಥವರು ಬದುಕಿಡೀ ಕಂಡ ಕನಸು ಅಂದು ನನಸಾಯಿತು. ಧಾರವಾಡ, ಮಂಗಳೂರು, ಗುಲ್ಬರ್ಗಾ, ಮಡಿಕೇರಿ, ಮೈಸೂರು ಒಂದೇ ಮನೆಯಾದವು. ಬಳ್ಳಾರಿ 1953ರಲ್ಲೇ ಬಂದು ಸೇರಿತ್ತು. ಎಲ್ಲೆಡೆ ಸಂಭ್ರಮ. ಆದರೆ ದಾದರಿನ ಚಾಳಿನಲ್ಲಿದ್ದ ಧಾರವಾಡದ ಗುಮಾಸ್ತ, ಕಾಚಿಗುಡದಲ್ಲಿದ್ದ ಬೀದರಿನ ಮೇಷ್ಟ್ರು, ಮದ್ರಾಸಿನಲ್ಲಿದ್ದ ಉಡುಪಿಯ ಅಡುಗೆ ಭಟ್ಟರು ಆ ಬೆಳಿಗ್ಗೆ ಎದ್ದಾಗ ಏನಾಗಿದ್ದರು? ಹೊರರಾಜ್ಯದವರು! ಮನೆ ಬದಲಿಸಲಿಲ್ಲ, ಕೆಲಸ ಬದಲಿಸಲಿಲ್ಲ. ಗಡಿಯೊಂದು ಸದ್ದಿಲ್ಲದೆ ಅವರನ್ನು ಆಚೆ ಬಿಟ್ಟು ಸರಿದುಹೋಯಿತು. ಇದ್ದೂರಲ್ಲೇ ಪರವೂರಿನವರಾದರು. ಕಾಸರಗೋಡಿನವರಿಗಂತೂ ಊರಿಗೆ ಊರೇ ಕೇರಳಕ್ಕೆ ಸೇರಿತು.

ಹೀಗೆ ಆಚೆ ಉಳಿದವರ ಬಗ್ಗೆ ಯಾರೂ ಯೋಚಿಸಲಿಲ್ಲ ಎಂದಲ್ಲ. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ತನ್ನ ವರದಿಯಲ್ಲಿ ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಮಾತೆತ್ತಿತ್ತು. 1956ರಲ್ಲೇ ಸಂವಿಧಾನದ 7ನೇ ತಿದ್ದುಪಡಿಯ ಮೂಲಕ 350ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಅನುಕೂಲ ಮಾಡಿಕೊಡಲು ಪ್ರತಿ ರಾಜ್ಯವೂ ಪ್ರತಿ ಸ್ಥಳೀಯ ಸಂಸ್ಥೆಯೂ ಯತ್ನಿಸಬೇಕು ಎನ್ನುತ್ತದೆ ಅದು. ಮುಂಬಯಿ ಮಹಾನಗರಪಾಲಿಕೆ ಕನ್ನಡ ಶಾಲೆಗಳನ್ನು ನಡೆಸುವುದು, ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಮಾಡುವುದು ಯಾರೋ ತೋರಿದ ಔದಾರ್ಯವೆಂದು ಭಾವಿಸಬೇಡಿ. ಅದರ ಹಿಂದೆ ಸಂವಿಧಾನದ ಮಾತಿದೆ. ಆದರೆ ಮಕ್ಕಳೇ ಬಾರದಿದ್ದರೆ ಶಾಲೆ ಉಳಿಯುವುದು ಹೇಗೆ? ಇಂಗ್ಲಿಷ್ ಶಾಲೆಗೆ ಸೇರಿಸುವ ತಂದೆತಾಯಿಯರನ್ನು ದೂರುವುದು ನ್ಯಾಯವಲ್ಲ. ಒಳ್ಳೆಯ ಬದುಕು ಬೇಕೆಂದು ಅಜ್ಜ ಹಡಗು ಹತ್ತಿದ್ದ, ಅದೇ ಆಸೆಯಿಂದ ಮೊಮ್ಮಗ ಇಂಗ್ಲಿಷ್ ಶಾಲೆಯ ಬಸ್ಸು ಹತ್ತುತ್ತಾನೆ. ಆದರೂ ಭಾನುವಾರ ಒಂದು ಗಂಟೆ ಅಕ್ಷರ ಕಲಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

1956ರ ನಂತರ ಹೋದವರ ಕಥೆ ಬೇರೆ. ಅವರು ತಿಳಿದೇ ರಾಜ್ಯ ಬಿಟ್ಟವರು. 1974ರ ಭೂ ಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಗೇಣಿಯ ಅಕ್ಕಿಯನ್ನೇ ನಂಬಿದ್ದ ಮನೆಗಳ ಹುಡುಗರು ಬಸ್ಸು ಹತ್ತಿದರು. ದೆಹಲಿಯ ಕೇಳುಗರಲ್ಲಿ ಹೆಚ್ಚಿನವರು ಕೇಂದ್ರ ಸರಕಾರದ ನೌಕರಿ, ವರ್ಗಾವಣೆ ಎಂದು ಬಂದ ಮನೆತನದವರು. ಪುಣೆ, ಹೈದರಾಬಾದಿಗೆ ಕಂಪ್ಯೂಟರ್ ಕೆಲಸಕ್ಕೆ ಬಂದವರು ಇನ್ನೂ ಈಚಿನವರು. ಅತ್ತ ಬೆಂಗಳೂರಿಗೆ ಇಡೀ ದೇಶವೇ ಕೆಲಸ ಹುಡುಕಿಕೊಂಡು ಬರುತ್ತಿದೆ. ಅಲ್ಲಿಗೆ ಬಂದವರನ್ನು ನಾವು ಹೇಗೆ ಕಾಣುತ್ತೇವೆ ಎಂಬ ಪ್ರಶ್ನೆಗೂ, ನಮ್ಮ ಅಜ್ಜಂದಿರನ್ನು ಮುಂಬಯಿ, ಮದ್ರಾಸು ಹೇಗೆ ಕಂಡವು ಎಂಬ ನೆನಪಿಗೂ ಸಂಬಂಧವಿದೆಯಲ್ಲವೇ?

ಮನೆಯಲ್ಲಿ ಹಿರಿಯರಿದ್ದರೆ ಈ ವಾರವೇ ಕೂತು ಕೇಳಿ: ಮೊದಲು ಹೊರಟವರು ಯಾರು? ಯಾವ ವರ್ಷ? ಆಗ ಊರು ಯಾವ ಪ್ರಾಂತ್ಯದಲ್ಲಿತ್ತು? ಹಡಗೋ, ರೈಲೋ, ಬಸ್ಸೋ? ಮೊದಲ ರಾತ್ರಿ ಎಲ್ಲಿ ಮಲಗಿದರು? ಉತ್ತರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಕನ್ನಡದಲ್ಲೇ. ಮುಂದೆ ಯಾರಾದರೂ "ಕರ್ನಾಟಕ ಬಿಟ್ಟು ಎಷ್ಟು ವರ್ಷವಾಯಿತು?" ಎಂದು ಕೇಳಿದರೆ, ನಿಮ್ಮಲ್ಲಿ ಕೆಲವರಾದರೂ ನಗುತ್ತಾ ಹೇಳಬಹುದು: "ನಾವು ಬಿಡಲೇ ಇಲ್ಲ ಮಾರಾಯರೇ, ನಾವು ಬಂದ ಮೇಲೆ ಅದು ಹುಟ್ಟಿದ್ದು!"

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ ಕೇಳುತ್ತಿರಿ, ಕನ್ನಡದಲ್ಲಿ ಮಾತನಾಡುತ್ತಿರಿ.