ಶೋಧನೆ, ಪರಿಶೋಧನೆ

ಮಂಗಳೂರಿನಲ್ಲಿ ಸಂಡೇ ಸ್ಕೂಲಿಗೆ ಹೋಗುತ್ತಿದ್ದಾಗ ಕರ್ತನ ಪ್ರಾರ್ಥನೆಯಲ್ಲಿ ಬರುವ ‘ಶೋಧನೆ’ ಎಂಬ ಪದ ನನಗೆ ಅರ್ಥವಾಗುತ್ತಿರಲಿಲ್ಲ. ಮುಂದೆ ಬಿ.ಕಾಂ., ಸಿ.ಎ. ಮುಗಿಸಿ ಲೆಕ್ಕ ಪರಿಶೋಧಕನಾದೆ. ಆ ಶೋಧನೆಗೂ ಈ ಪರಿಶೋಧನೆಗೂ ನಂಟಿದೆ ಎಂದು ಹೊಳೆದದ್ದು ವುಲ್ವರ್‌ಹ್ಯಾಂಪ್ಟನ್‌ಗೆ ಬಂದು ನೆಲೆಸಿದ ಮೇಲೆ. ಮಕ್ಕಳಿಗೆ ಚಾಕೊಲೇಟ್ ಕಾರ್ಖಾನೆ ತೋರಿಸಲು ಬರ್ಮಿಂಗ್‌ಹ್ಯಾಮ್ ಪಕ್ಕದ ಬೋರ್ನ್‌ವಿಲ್‌ಗೆ ಹೋಗಿದ್ದೆ. ಮನೆಗೆ ಮರಳಿ ಅದರ ಇತಿಹಾಸ ಓದತೊಡಗಿದೆ.

ರಿಚರ್ಡ್ ಮತ್ತು ಜಾರ್ಜ್ ಕ್ಯಾಡ್‌ಬರಿ ಸಹೋದರರು 1879ರಲ್ಲಿ ಕಾರ್ಖಾನೆಯನ್ನು ಅಲ್ಲಿಗೆ ತಂದರು. ಅವರು ಕ್ವೇಕರ್ ಪಂಥದ ಕ್ರೈಸ್ತರು. ಕುಡಿತ ದುಡಿಯುವವರ ಸಂಸಾರ ಹಾಳು ಮಾಡುತ್ತದೆಂದು ನಂಬಿ, ಅದರ ಬದಲಿಗೆ ಕೋಕೋ ಕುಡಿಸಲು ಹೊರಟವರು. ಜಾರ್ಜ್ ಕಟ್ಟಿಸಿದ ಊರಿನಲ್ಲಿ ಮನೆಮನೆಗೂ ತೋಟವಿತ್ತು, ಪಬ್ ಇರಲಿಲ್ಲ. ಹೊರಗಿನ ಶೋಧನೆಗೆ ಹೀಗೆ ಬೇಲಿ ಹಾಕಿದ್ದರು. ಇನ್ನೊಂದು ಶೋಧನೆ ಬಂದದ್ದು ಕಚೇರಿಯ ಟಪಾಲಿನಲ್ಲಿ.

1901ರಲ್ಲಿ ಪೋರ್ಚುಗೀಸರ ಸಾವೊ ಟೊಮೆ ದ್ವೀಪದ ಒಂದು ತೋಟ ಮಾರಾಟಕ್ಕಿದೆ ಎಂಬ ಪ್ರಸ್ತಾಪ ಕಂಪನಿಗೆ ಬಂತು. ಅದರ ಆಸ್ತಿಗಳ ಪಟ್ಟಿಯಲ್ಲಿ ಇನ್ನೂರು ಕಪ್ಪು ಕೂಲಿಯಾಳುಗಳಿದ್ದರು, ಬೆಲೆ 3,555 ಪೌಂಡ್. ಈ ಸಾಲು ಓದಿ ನನ್ನ ಕಣ್ಣು ಅಲ್ಲೇ ನಿಂತಿತು. ಕೂಲಿ ಖರ್ಚಿನ ಬಾಬ್ತು. ಕೂಲಿಯವನನ್ನೇ ಆಸ್ತಿಯೆಂದು ಬರೆದರೆ ಅವನು ಗುಲಾಮ. ಅಂಗೋಲಾದಿಂದ ಕರಾರಿನ ಹೆಸರಿನಲ್ಲಿ ತಂದ ಆಳುಗಳು ಹಿಂದಿರುಗಿ ಹೋಗುತ್ತಿರಲಿಲ್ಲ. ಕ್ಯಾಡ್‌ಬರಿ ಕೊಳ್ಳುತ್ತಿದ್ದ ಕೋಕೋದಲ್ಲಿ ದೊಡ್ಡ ಪಾಲು ಆ ದ್ವೀಪದ್ದೇ.

ಅವರು ಸುಮ್ಮನೆ ಕೂರಲಿಲ್ಲ. ವಿಲಿಯಂ ಕ್ಯಾಡ್‌ಬರಿ 1903ರಲ್ಲಿ ಲಿಸ್ಬನ್ನಿಗೆ ಹೋಗಿ ವಿಚಾರಿಸಿದರು. ಸುಧಾರಣೆಯ ಭರವಸೆ ಸಿಕ್ಕಿತು. 1905ರಲ್ಲಿ ಜೋಸೆಫ್ ಬರ್ಟ್ ಎಂಬವರನ್ನು ತನಿಖೆಗೆ ಕಳಿಸಿದರು. ಅವರು ಮರಳಿದ್ದು 1907ರಲ್ಲಿ. ಕೊಳ್ಳುವುದನ್ನು ಬಿಟ್ಟರೆ ಪೋರ್ಚುಗೀಸರ ಮೇಲಿನ ಹಿಡಿತವೂ ಹೋಗುತ್ತದೆ ಎಂಬ ವಾದವಿತ್ತು. ಒಂದೊಂದು ಕಾರಣವೂ ಸರಿಯಾಗಿಯೇ ಕಾಣುತ್ತದೆ. ಕೂಡಿಸಿದರೆ ಮಾತ್ರ ಎಂಟು ವರ್ಷ. ಖರೀದಿ ನಿಲ್ಲಿಸಿದ್ದು 1909ರ ಮಾರ್ಚ್‌ನಲ್ಲಿ.

ಅಷ್ಟರಲ್ಲಿ ‘ಸ್ಟ್ಯಾಂಡರ್ಡ್’ ಪತ್ರಿಕೆ ಅವರದು ಆಷಾಢಭೂತಿತನ ಎಂಬರ್ಥದಲ್ಲಿ ಬರೆದಿತ್ತು. ಕಂಪನಿ ಮಾನನಷ್ಟದ ದಾವೆ ಹೂಡಿತು. 1909ರ ಡಿಸೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಜ್ಯೂರಿ ಕ್ಯಾಡ್‌ಬರಿಯನ್ನೇ ಗೆಲ್ಲಿಸಿತು. ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಅಷ್ಟು ಚಿಕ್ಕ ಅಂಕಿಯಲ್ಲಿ ಅಷ್ಟು ದೊಡ್ಡ ಆಡಿಟ್ ರಿಪೋರ್ಟನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವರನ್ನು ಕಪಟಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ. ಈ ದೇಶಕ್ಕೆ ಬಂದ ಹೊಸತರಲ್ಲಿ, ನಾನಿದ್ದ ಕಂಪನಿಯೊಂದರಲ್ಲಿ, ಮಾರ್ಚ್ ತಿಂಗಳ ಒಂದು ಖರ್ಚನ್ನು ಏಪ್ರಿಲ್‌ಗೆ ದಾಟಿಸಲು ಮೇಲಿನವರು ಹೇಳಿದರು. ಒಂದೇ ತಿಂಗಳು, ಯಾರಿಗೇನು ನಷ್ಟ ಎಂದರು. ನನ್ನ ವೀಸಾ ಆ ಕೆಲಸಕ್ಕೇ ಕಟ್ಟಿಹಾಕಿತ್ತು, ಹೆಂಡತಿ ತುಂಬು ಬಸುರಿ. ದಾಟಿಸಿದೆ. ಮರುವರ್ಷ ಅದೇ ಮಾತು ಬಂದಾಗ ಆಗುವುದಿಲ್ಲ ಎಂದೆ. ಆದರೆ ಮೊದಲ ವರ್ಷದ ಸಹಿ ನನ್ನದೇ, ಅದು ಅಳಿಯುವುದಿಲ್ಲ.

ಸೈತಾನ ಕೋಡು ಬಾಲ ಇಟ್ಟುಕೊಂಡು ಬಂದರೆ ಗುರುತಿಸುವುದು ಸುಲಭ. ಅವನು ಕೇಳುವುದು ಬರೀ ವಾಯಿದೆ: ಈಗ ಬೇಡ, ವರದಿ ಬರಲಿ, ವರ್ಷ ಮುಗಿಯಲಿ. ಬೋರ್ನ್‌ವಿಲ್‌ನ ದೈವಭಕ್ತರು ಪಬ್ಬಿಗೆ ಕೂಡಲೇ ಬೇಡ ಎಂದರು, ಕೋಕೋಗೆ ಬೇಡ ಎನ್ನಲು ಎಂಟು ವರ್ಷ ಹಿಡಿಯಿತು. ತೋಟದ ಆಳುಗಳ ಪಾಲಿಗೆ ಆ ಎಂಟು ವರ್ಷ ಬರೀ ವಾಯಿದೆಯಾಗಿರಲಿಲ್ಲ.

ಈಗಲೂ ಭಾನುವಾರ ಪ್ರಾರ್ಥನೆ ಆ ಪದಕ್ಕೆ ಬಂದಾಗ ಒಂದು ಕ್ಷಣ ತಡೆಯುತ್ತೇನೆ. ಈ ವಾರ ಯಾವುದನ್ನು ಮುಂದಿನ ತಿಂಗಳಿಗೆ ದಾಟಿಸಿದೆ ಎಂದು ಕೇಳಿಕೊಳ್ಳುತ್ತೇನೆ.